ಎಚ್.ವಿ. ಕಾಮತ್: ಮಂತ್ರಿಯಾಗದೆ ಜೀವನಪೂರ್ತಿ ಸದನದಲ್ಲಿ ಎದ್ದು ನಿಂತವರು. ಅದರಿಂದ ಏನಾದರೂ ಆಯ್ತಾ?

ನೇತ್ರಾವತಿ ದಡ

"ಮಂತ್ರಿ ಆಗದವನು, ಪಕ್ಷದ ಮಾತು ಕೇಳದವನು, ಸದನದಲ್ಲಿ ಎದ್ದೆದ್ದು ಕೂಗುವವನು, ಅಂಥವನನ್ನು ಆರಿಸಿ ಕಳಿಸಿ ಏನು ಪ್ರಯೋಜನ?" ಈ ಮಾತನ್ನು ಈಚೆಗೆ ಬಹಳ ಕೇಳುತ್ತಿದ್ದೇನೆ. ವಿದ್ಯಾವಂತರೇ ಹೇಳುತ್ತಾರೆ. ರಸ್ತೆ ಬಂತಾ, ಆಸ್ಪತ್ರೆ ಬಂತಾ, ಅನುದಾನ ಎಷ್ಟು ತಂದ, ಅಷ್ಟೇ ಲೆಕ್ಕ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಲು ಒಬ್ಬರನ್ನು ಮುಂದಿಡುತ್ತೇನೆ. ಹರಿ ವಿಷ್ಣು ಕಾಮತ್.

ನಮ್ಮ ಮಂಗಳೂರಿನಲ್ಲೇ 1907ರಲ್ಲಿ ಹುಟ್ಟಿದವರು. ಆದರೆ ಊರಿನಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ. ಬ್ರಿಟಿಷರ ಕಾಲದ ನಾಗರಿಕ ಸೇವೆಯಾದ ಐಸಿಎಸ್ ಪಾಸು ಮಾಡಿ ಮಧ್ಯಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದರು. 1938ರಲ್ಲಿ ಆ ಕೆಲಸ ಬಿಟ್ಟು ಸುಭಾಷ್ ಚಂದ್ರ ಬೋಸರ ಜೊತೆ ಹೋದರು, ಬೋಸರು ಕಟ್ಟಿದ ಫಾರ್ವರ್ಡ್ ಬ್ಲಾಕ್‌ಗೆ ದುಡಿದರು. ಸಂವಿಧಾನ ಸಭೆಗೆ ಮಧ್ಯಪ್ರಾಂತ್ಯ ಮತ್ತು ಬೇರಾರ್ ಕಡೆಯಿಂದ ಬಂದರು. ಆಮೇಲೆ ಪ್ರಜಾ ಸೋಷಲಿಸ್ಟ್ ಪಕ್ಷ. ಈಗಿನ ಮಧ್ಯಪ್ರದೇಶದ ಹೊಶಂಗಾಬಾದ್ ಕ್ಷೇತ್ರದಿಂದ 1955ರ ಉಪಚುನಾವಣೆ, 1962, 1977, ಹೀಗೆ ಮೂರು ಸಲ ಲೋಕಸಭೆಗೆ ಗೆದ್ದರು. ನಡುವೆ ಸೋಲುಗಳೂ ಇದ್ದವು.

ಸಂವಿಧಾನ ಸಭೆಯ ಚರ್ಚೆಗಳ ಸಂಪುಟ ತೆರೆದರೆ ಅವರ ಹೆಸರು ಮತ್ತೆ ಮತ್ತೆ ಸಿಗುತ್ತದೆ. ತಿದ್ದುಪಡಿ, ಕ್ರಿಯಾಲೋಪ (ಸದನದ ನಿಯಮ ತಪ್ಪಿದೆ ಎಂಬ ತಕರಾರು), ಸ್ಪಷ್ಟನೆ, ಮತ್ತೆ ತಿದ್ದುಪಡಿ. ದೊಡ್ಡ ದೊಡ್ಡ ಮತದಾನಗಳಲ್ಲಿ ಸೋತರು. ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಬೇಕು ಅಂತ 1949ರ ಅಕ್ಟೋಬರ್ 17ರಂದು ಪಟ್ಟು ಹಿಡಿದರು. ಪರ 41, ವಿರೋಧ 68. ಒಂದನೇ ವಿಧಿಯಲ್ಲಿ ಭಾರತ ಎಂಬ ಹೆಸರೇ ಮೊದಲು ಬರಲಿ ಅಂದರು. ಪರ 38, ವಿರೋಧ 51. ತುರ್ತು ಪರಿಸ್ಥಿತಿಯ ವಿಧಿಗಳು ಬೇಡ ಅಂದರು. ಅದೂ ಆಗಲಿಲ್ಲ.

ಈ ಅಂಕಪಟ್ಟಿ ನೋಡಿದರೆ ಪೂರ್ತಿ ಸೋಲು. ನಾನು ಹೇಳೋದು ಇಷ್ಟು: ಇಂಥವರನ್ನು ಎಷ್ಟು ಮತ ಗೆದ್ದರು ಅಂತ ಅಳೆಯಬಾರದು. ಅಧಿಕಾರದಲ್ಲಿ ಇರುವವರು ಕಾರಣ ಕೊಡದೆ ಮುಂದೆ ಹೋಗದಂತೆ ಎಷ್ಟು ಸಲ ತಡೆದರು ಅಂತ ಅಳೆಯಬೇಕು. ನಿಮಗೆ ಏನನ್ನಿಸುತ್ತದೆ?

ಬಂದರು ರಸ್ತೆ

ನನಗೆ ಅನಿಸೋದು ನೇರವಾಗಿ ಹೇಳುತ್ತೇನೆ. ಅದೇ ಸಂವಿಧಾನ ಸಭೆಯಲ್ಲಿ ಮಂಗಳೂರಿನ ಇನ್ನೊಬ್ಬರು ಕೂತಿದ್ದರು. ಉಳ್ಳಾಲ ಶ್ರೀನಿವಾಸ ಮಲ್ಯ. ಅವರು ಭಾಷಣಕ್ಕೆ ಹೆಸರಾದವರಲ್ಲ. 1965ರಲ್ಲಿ ತೀರಿಕೊಳ್ಳುವವರೆಗೂ ಸಂಸದರಾಗಿದ್ದರು. ಬಜ್ಪೆ ವಿಮಾನ ನಿಲ್ದಾಣ, ಪಣಂಬೂರಿನ ಬಂದರು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಹೆದ್ದಾರಿ, ಇವೆಲ್ಲದರ ಹಿಂದೆ ಅವರ ಓಡಾಟ ಇದೆ ಅಂತ ಜಿಲ್ಲೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಕಾಲೇಜು, ಅಂದರೆ ಈಗಿನ ಎನ್‌ಐಟಿಕೆ, ಇರುವ ಜಾಗಕ್ಕೆ ಶ್ರೀನಿವಾಸನಗರ ಅಂತಲೇ ಹೆಸರು. ಬಂದರು ಪೂರ್ತಿಯಾದದ್ದು ಅವರು ಹೋದ ಮೇಲೆ, ಆದರೆ ಅಡಿಪಾಯ ಅವರದು.

ಒಬ್ಬರು ಮಾತಾಡಿದರು, ಒಬ್ಬರು ಮಾಡಿದರು. ನನ್ನ ಮನೆಯವರು ಬಂದರಿನಿಂದಲೇ ಅನ್ನ ತಿಂದವರು. ಕಾಮತರ ಯಾವ ತಿದ್ದುಪಡಿಯಿಂದ ಯಾರ ಮನೆಗೆ ಅನ್ನ ಬಂತು? ನಾನು ವ್ಯಂಗ್ಯವಾಡುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ನೇತ್ರಾವತಿ ದಡ

ಮಲ್ಯರ ಬಗ್ಗೆ ನೀವು ಹೇಳಿದ್ದರಲ್ಲಿ ಒಂದಕ್ಷರವೂ ಬಿಡಬೇಕಿಲ್ಲ. ಅವರಿಗೆ ಈ ಜಿಲ್ಲೆ ಋಣಿ. ಆದರೆ ಅವರ ದಾರಿ ಯಾವುದು? ಆಳುವ ಪಕ್ಷದ ಒಳಗೆ ಇದ್ದವರು, ಕಾಂಗ್ರೆಸ್ಸಿನಲ್ಲಿ ದೊಡ್ಡ ಸಂಘಟಕರು, ನೆಹರೂ ಅವರಿಗೆ ಹತ್ತಿರದವರು. ಆ ಬಾಗಿಲು ಅವರಿಗೆ ತೆರೆದಿತ್ತು. ಆ ಬಾಗಿಲ ಹೊರಗೆ ನಿಂತವನು ಏನು ಮಾಡಬಹುದು ಅನ್ನೋದು ನನ್ನ ಪ್ರಶ್ನೆ. ಸುಮ್ನೆ ಕೂರಬೇಕಾ?

ಇನ್ನೊಂದು. ಬಂದರು ಕಣ್ಣಿಗೆ ಕಾಣುತ್ತದೆ. ಒಬ್ಬನನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಲಿಲ್ಲ ಅನ್ನೋದು ಯಾರ ಕಣ್ಣಿಗೂ ಕಾಣುವುದಿಲ್ಲ. ಆಗದೇ ಹೋದ ಕೆಡುಕನ್ನು ನಾವು ಯಾರ ಲೆಕ್ಕಕ್ಕೂ ಬರೆಯುವುದಿಲ್ಲ.

ಕೋರ್ಟು ಕಚೇರಿ

ವಕೀಲಿಕೆ ಮಾಡುವವನು ನಾನು. ಕಾಮತರ ಹೆಸರು ನಮಗೆ ಪರಿಚಯವಾಗುವುದು ರಾಜಕೀಯದಿಂದಲ್ಲ, ಕಾನೂನು ಕಾಲೇಜಿನಲ್ಲಿ. "ಹರಿ ವಿಷ್ಣು ಕಾಮತ್ ವಿರುದ್ಧ ಸೈಯದ್ ಅಹ್ಮದ್ ಇಶಾಕ್." ಆಡಳಿತ ಕಾನೂನು ಓದಿದವರಿಗೆಲ್ಲ ಗೊತ್ತಿರುವ ತೀರ್ಪು.

ಕಥೆ ಹೀಗಿದೆ. ಮೊದಲ ಮಹಾಚುನಾವಣೆಯಲ್ಲಿ ಹೊಶಂಗಾಬಾದ್‌ನಲ್ಲಿ ಕಾಮತ್ 174 ಮತಗಳಿಂದ ಸೋತರು. ಆದರೆ ಕೆಲವು ಮತಗಟ್ಟೆಗಳಲ್ಲಿ ಲೋಕಸಭೆಯ ಮತದಾರರಿಗೆ ವಿಧಾನಸಭೆಯ ಮತಪತ್ರ ಕೊಟ್ಟುಬಿಟ್ಟಿದ್ದರು. ನಿಯಮದ ಪ್ರಕಾರ ಅಂಥ ಮತ ತಿರಸ್ಕರಿಸಬೇಕು. ಗೆದ್ದವರ ಲೆಕ್ಕಕ್ಕೆ ಅವನ್ನು ಸೇರಿಸಿದ್ದರು, ಅವುಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಜಾಸ್ತಿ. ಚುನಾವಣಾ ನ್ಯಾಯಮಂಡಳಿ ಅವರ ಅರ್ಜಿ ತಳ್ಳಿತು. ಕಾಮತ್ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮಂಡಳಿಯ ತೀರ್ಪು ರದ್ದಾಯಿತು, ಚುನಾವಣೆಯೂ ಬಿತ್ತು. 1955ರ ಉಪಚುನಾವಣೆಯಲ್ಲಿ ಅವರು ಗೆದ್ದರು.

ಇದು ಅವರ ಸ್ವಂತ ಸೀಟಿನ ಜಗಳ ಅಂತ ಕಾಣಬಹುದು. ಆದರೆ ಕೆಳಗಿನ ನ್ಯಾಯಮಂಡಳಿಯೊಂದು ಕಾನೂನಿನಲ್ಲಿ ಎದ್ದು ಕಾಣುವ ತಪ್ಪು ಮಾಡಿದರೆ ಹೈಕೋರ್ಟು ಯಾವಾಗ ಕೈ ಹಾಕಬಹುದು ಅನ್ನೋದಕ್ಕೆ ಇವತ್ತಿಗೂ ನಾವು ಈ ತೀರ್ಪನ್ನೇ ಹಿಡಿದು ವಾದಿಸುತ್ತೇವೆ. ಭೂಮಿ ತಕರಾರು, ಕಾರ್ಮಿಕ ತಕರಾರು, ಯಾವುದೇ ಇರಲಿ. ಬಂದರು ರಸ್ತೆಯವರು ಅನ್ನದ ಪ್ರಶ್ನೆ ಕೇಳಿದರಲ್ಲ. ನ್ಯಾಯಮಂಡಳಿಯ ತಪ್ಪು ತೀರ್ಪಿನಿಂದ ಜಮೀನು ಕಳೆದುಕೊಂಡು ಹೈಕೋರ್ಟಿಗೆ ಬರುವ ರೈತ ಇದ್ದಾನೆ. ಅವನ ಅನ್ನದಲ್ಲಿ ಈ ತೀರ್ಪಿನ ಪಾಲಿದೆ.

ಬಂದರು ರಸ್ತೆ

ಒಳ್ಳೆಯ ಮಾಹಿತಿ. ಆದರೆ ಅದು ಕಕ್ಷಿದಾರನಾಗಿ ಗೆದ್ದದ್ದು. ಸಂಸದನಾಗಿ ಅಲ್ಲ. ನಾವು ಚರ್ಚಿಸುತ್ತಿರುವುದು ಸದನದ ಕೆಲಸ, ಅಲ್ವಾ?

ತುಂಗೆಯ ಮೇಷ್ಟ್ರು

ಸದನದ ಕೆಲಸಕ್ಕೇ ಬರೋಣ. ನಾನು ಇತಿಹಾಸ ಪಾಠ ಮಾಡುತ್ತಿದ್ದವನು. ತರಗತಿಯಲ್ಲಿ ಓದಿ ಹೇಳುತ್ತಿದ್ದ ಒಂದು ಭಾಗ ಇದೆ. 1949ರ ನವೆಂಬರ್ 25, ಅಂಬೇಡ್ಕರ್ ಅವರ ಕೊನೆಯ ದೊಡ್ಡ ಭಾಷಣ. ಭಕ್ತಿ ರಾಜಕೀಯದ ಬಗ್ಗೆ, ಸಾಮಾಜಿಕ ಪ್ರಜಾಪ್ರಭುತ್ವದ ಬಗ್ಗೆ ಹೇಳಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದಕ್ಕೂ ಮೊದಲಿನ ಒಂದು ಭಾಗವನ್ನು ಯಾರೂ ಉಲ್ಲೇಖಿಸುವುದಿಲ್ಲ.

ಮೊದಲು ಅವರು ಪಕ್ಷದ ಶಿಸ್ತಿಗೆ ಥ್ಯಾಂಕ್ಸ್ ಹೇಳುತ್ತಾರೆ. ಕಾಂಗ್ರೆಸ್ಸಿನ ಶಿಸ್ತು ಇಲ್ಲದಿದ್ದರೆ ಕರಡು ಸಮಿತಿಯ ಕೆಲಸ ಬಹಳ ಕಷ್ಟವಾಗುತ್ತಿತ್ತು ಅಂತ. ಆಮೇಲೆ ತಿರುಗುತ್ತಾರೆ. ಎಲ್ಲರೂ ಆ ಶಿಸ್ತಿಗೆ ತಲೆಬಾಗಿದ್ದರೆ ಈ ಸಭೆ ತೀರಾ ಸಪ್ಪೆಯಾಗಿರುತ್ತಿತ್ತು, ಪುಣ್ಯಕ್ಕೆ ಕೆಲವು ಬಂಡಾಯಗಾರರಿದ್ದರು ಅಂತ ಹೇಳಿ ಹೆಸರು ಓದುತ್ತಾರೆ. ಮೊದಲ ಹೆಸರೇ ಕಾಮತ್. ಆಮೇಲೆ ಪಿ.ಎಸ್. ದೇಶ್‌ಮುಖ್, ಸಿಧ್ವಾ, ಸಕ್ಸೇನಾ, ಠಾಕೂರ್ ದಾಸ್ ಭಾರ್ಗವ. ಜೊತೆಗೆ ಕೆ.ಟಿ. ಶಾ ಮತ್ತು ಹೃದಯನಾಥ ಕುಂಜ್ರು.

ಮುಂದೆ ಹೇಳುವ ಮಾತೇ ಮುಖ್ಯ. ಅವರ ಸಲಹೆಗಳನ್ನು ನಾನು ಒಪ್ಪಲಿಲ್ಲ, ಹಾಗಂತ ಆ ಸಲಹೆಗಳ ಬೆಲೆ ಕಡಿಮೆಯಾಗುವುದಿಲ್ಲ ಅನ್ನುತ್ತಾರೆ. ಅವರು ಇಲ್ಲದಿದ್ದರೆ ಸಂವಿಧಾನದ ಹಿಂದಿರುವ ತತ್ವಗಳನ್ನು ವಿವರಿಸುವ ಅವಕಾಶ ನನಗೆ ಸಿಗುತ್ತಿರಲಿಲ್ಲ, ಸಂವಿಧಾನವನ್ನು ಯಂತ್ರದ ಹಾಗೆ ಪಾಸು ಮಾಡುವುದಕ್ಕಿಂತ ಆ ವಿವರಣೆ ದೊಡ್ಡದು ಅನ್ನುತ್ತಾರೆ.

ಸೋಲಿಸಿದವರೇ ಹೀಗೆ ಹೇಳಿದ್ದು. ಅದೇ ಭಾಷಣದಲ್ಲಿ ತಿದ್ದುಪಡಿಗಳ ಲೆಕ್ಕವೂ ಇದೆ: ಬಂದದ್ದು ಸುಮಾರು 7,635, ಮಂಡನೆಯಾದದ್ದು 2,473. ಅಷ್ಟನ್ನೂ ಎದುರಿಸಿ ಉತ್ತರ ಕೊಟ್ಟ ಮನುಷ್ಯ, ಕೊನೆಗೆ ತನ್ನನ್ನು ಅತಿ ಹೆಚ್ಚು ಕಾಡಿದವರ ಹೆಸರನ್ನು ದಾಖಲೆಗೆ ಸೇರಿಸಿ ಹೋದರು. ಇದಕ್ಕಿಂತ ಬೇರೆ ಸರ್ಟಿಫಿಕೇಟು ಬೇಕಾ?

ಹಂಪನಕಟ್ಟೆ

ಸರ್ಟಿಫಿಕೇಟು ಸಿಕ್ಕಿತು, ಸರಿ. ಆದರೆ ದೇವರ ತಿದ್ದುಪಡಿಯ ದಿನದ ಚರ್ಚೆ ಓದಿ. ದೇವರನ್ನು ಮತಕ್ಕೆ ಹಾಕಬೇಡಿ, ದಯವಿಟ್ಟು ಹಿಂದಕ್ಕೆ ತಗೊಳ್ಳಿ ಅಂತ ಹಲವರು ಬೇಡಿಕೊಂಡರು. ಕುಂಜ್ರು ಅವರಂಥವರಿಗೆ ಅದು ಮನಸ್ಸಿಗೆ ನೋವಾಯಿತು, ನಂಬಿಕೆಯನ್ನು ಹೀಗೆ ಹೇರಬಾರದು ಅಂದರು. ಕಾಮತ್ ಕೇಳಲಿಲ್ಲ. ಮತವೆಣಿಕೆ ಆಗಲೇಬೇಕು ಅಂದರು. ಸೋತ ಮೇಲೆ ಇದು ನಮ್ಮ ಚರಿತ್ರೆಯ ಕರಾಳ ದಿನ ಅಂದರು.

ನನಗೆ ಇದು ಹಟ ಅನಿಸುತ್ತದೆ. ಪ್ರತಿ ವಿಷಯಕ್ಕೂ ಕರಾಳ ದಿನ ಅಂದರೆ ನಿಜವಾಗಿ ಕರಾಳ ದಿನ ಬಂದಾಗ ಯಾರು ಕೇಳುತ್ತಾರೆ? ದನಿ ಎತ್ತುವ ಸದಸ್ಯನಿಗೆ ಇರುವ ಆಸ್ತಿ ಅವನ ಮಾತಿನ ತೂಕ ಒಂದೇ. ಅದನ್ನು ಅವರು ಎಲ್ಲದಕ್ಕೂ ಖರ್ಚು ಮಾಡಿದರು. ಅದಕ್ಕೇ ಅವರ ತುರ್ತು ಪರಿಸ್ಥಿತಿಯ ಮಾತನ್ನೂ ಸಭೆ "ಇದು ಕಾಮತರ ಮಾಮೂಲಿ" ಅಂತ ಕೇಳಿಸಿಕೊಂಡಿರಬಹುದು.

ನೇತ್ರಾವತಿ ದಡ

ಹಂಪನಕಟ್ಟೆಯವರ ಮಾತು ಈ ಚರ್ಚೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಪೀಠಿಕೆಯ ವಿಷಯದಲ್ಲಿ ಸಭೆ ಮಾಡಿದ್ದೇ ಸರಿ ಅಂತ ನನಗೂ ಅನಿಸುತ್ತದೆ. ದೇವರನ್ನು ನಂಬದವರಿಗೂ ಇದು ಅವರದೇ ಸಂವಿಧಾನ ಆಗಿ ಉಳಿಯಿತು.

ಆದರೆ ಹದವಾಗಿ ಆರಿಸಿ ಆರಿಸಿ ಮಾತಾಡುವ ಬಂಡಾಯಗಾರ ಸಿಗುವುದು ಕಷ್ಟ. ಒಂದು ವಿಷಯಕ್ಕೆ ಇಡೀ ಸಭೆಯನ್ನು ಎದುರು ಹಾಕಿಕೊಳ್ಳಬಲ್ಲ ಸ್ವಭಾವ ಇದ್ದರೆ ಅದು ಇನ್ನೊಂದು ವಿಷಯದಲ್ಲೂ ಹೊರಗೆ ಬರುತ್ತದೆ. ದೇವರ ವಿಷಯದಲ್ಲಿ ಹಟ ಮಾಡಿದ ಮನುಷ್ಯನೇ ಆಗಸ್ಟಿನಲ್ಲಿ ತುರ್ತು ಪರಿಸ್ಥಿತಿಯ ಅಧ್ಯಾಯಕ್ಕೂ ಹಟ ಮಾಡಿದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬೇಡ ಅನ್ನಲು ಬರುವುದಿಲ್ಲ.

ಆ ಆಗಸ್ಟಿನ ಮಾತನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನನ್ನ ಇಡೀ ವಾದ ಅದರ ಮೇಲೆ ನಿಂತಿದೆ.

ಮೊದಲು ಈಗಿನ 356ನೇ ವಿಧಿ. ರಾಜ್ಯ ಸರ್ಕಾರವನ್ನು ವಜಾ ಮಾಡುವ ವಿಧಿ. ರಾಜ್ಯಪಾಲರ ವರದಿ ಬಂದರೆ "ಅಥವಾ ಬೇರೆ ರೀತಿಯಲ್ಲಿ" ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕು ಅಂತ ಅದರಲ್ಲಿದೆ. ಕಾಮತ್ ಇದನ್ನು ಹಿಡಿದರು. ರಾಜ್ಯಪಾಲರನ್ನು ನೀವೇ ನೇಮಿಸುತ್ತೀರಿ, ಅವರ ವರದಿಯೂ ಬೇಡ ಅಂದರೆ ಕೇಂದ್ರಕ್ಕೆ ಲಂಗುಲಗಾಮು ಯಾವುದು ಅಂತ ಕೇಳಿದರು. ಇದು ಕಿಡಿಗೇಡಿ ಸೇರ್ಪಡೆ, ತೆಗೆಯಿರಿ ಅಂದರು. ತೆಗೆಯಲಿಲ್ಲ. ಆದರೆ ಆ ಚರ್ಚೆಯ ಕೊನೆಗೆ ಅಂಬೇಡ್ಕರ್ ಎದ್ದು ನಿಂತು, ಈ ವಿಧಿಗಳ ದುರುಪಯೋಗ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ, ಇವು ಎಂದೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿ ಉಳಿಯಲಿ ಅಂತ ಆಶಿಸುತ್ತೇನೆ ಅಂದರು. ಬಳಸುವುದೇ ಆದರೆ ರಾಷ್ಟ್ರಪತಿ ಎಚ್ಚರಿಕೆ ವಹಿಸಬೇಕು, ಮೊದಲು ರಾಜ್ಯಕ್ಕೆ ಎಚ್ಚರಿಕೆ ಕೊಡಬೇಕು ಅಂತಲೂ ಹೇಳಿದರು.

ಯಾರೂ ಕೆಣಕದೇ ಇದ್ದಿದ್ದರೆ ಈ ಮಾತು ಅವರ ಬಾಯಿಂದ ಬರುತ್ತಿತ್ತಾ?

ಮುಂದೆ 1989ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದಲ್ಲೇ ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡಲಿಲ್ಲ. ಅಲ್ಲಿ ರಾಜ್ಯಪಾಲರ ವರದಿಯೇ ಇತ್ತು, ಹಾಗಾಗಿ ಕಾಮತ್ ಬೆರಳಿಟ್ಟ ಜಾಗ ಅದೇ ಅಲ್ಲ. ಆದರೆ ರೋಗ ಅದೇ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಾಗ, ಅಂಬೇಡ್ಕರ್ ಅವರ ಆ ಸತ್ತ ಅಕ್ಷರದ ಮಾತು ತೀರ್ಪಿನೊಳಗೆ ಬಂತು. ಬಹುಮತ ಅಳೆಯುವ ಜಾಗ ರಾಜಭವನ ಅಲ್ಲ, ಸದನ ಅಂತ ನಿಂತಿತು. ಆಮೇಲೆ ರಾಜ್ಯ ಸರ್ಕಾರ ಬೀಳಿಸುವುದು ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ.

ಕೋರ್ಟು ಕಚೇರಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಂವಿಧಾನ ಸಭೆಯ ಚರ್ಚೆ ಕೋರ್ಟಿನಲ್ಲಿ ನಮಗೆ ಕೆಲಸಕ್ಕೆ ಬರುವುದೇ ಇಂಥ ಕಡೆ. ಎಲ್ಲರೂ ಒಪ್ಪಿ ಚಪ್ಪಾಳೆ ತಟ್ಟಿದ ವಿಧಿಗಳಿಗೆ ದಾಖಲೆಯಲ್ಲಿ ಏನೂ ಇರುವುದಿಲ್ಲ. "ತಿದ್ದುಪಡಿ ಇಲ್ಲ, ಅಂಗೀಕಾರವಾಯಿತು", ಅಷ್ಟೇ. ಯಾರೋ ಒಬ್ಬರು ತಕರಾರು ತೆಗೆದ ವಿಧಿಗೆ ಮಾತ್ರ ಪುಟಗಟ್ಟಲೆ ಕಾರಣ ಸಿಗುತ್ತದೆ. ಅದರ ಉದ್ದೇಶ ಏನು, ಮಿತಿ ಏನು ಅಂತ ತೋರಿಸಲು ನಾವು ಅಲ್ಲಿಗೇ ಹೋಗುತ್ತೇವೆ.

ಶರಾವತಿ ಹಿನ್ನೀರು

ಎಲ್ಲವನ್ನೂ ಓದುತ್ತಿದ್ದೇನೆ. ಆದರೆ ಈ ಚರ್ಚೆ ತಪ್ಪಿಸಿಕೊಂಡು ಹೋಗುತ್ತಿರುವ ಒಂದು ಸತ್ಯ ಇದೆ. ಕಾಮತ್ ಎಚ್ಚರಿಸಿದರು, ದಾಖಲೆಯಾಯಿತು, ಸರಿ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತೋ ಇಲ್ಲವೋ? ಜೂನ್ 27ರಂದು ರಾಷ್ಟ್ರಪತಿ ಆದೇಶ ಹೊರಟು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿಯೇ ಮುಚ್ಚಿತೋ ಇಲ್ಲವೋ? ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಅದೇ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದರು, ಹೊರಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಕಡೆಯ ಸಮಾಜವಾದಿ ಕುಟುಂಬಗಳಲ್ಲಿ ಈ ನೋವು ಇನ್ನೂ ಆರಿಲ್ಲ.

ಎಚ್ಚರಿಕೆ ಇಪ್ಪತ್ತಾರು ವರ್ಷ ಕಪಾಟಿನಲ್ಲಿತ್ತು. ಅದು ಒಬ್ಬರನ್ನಾದರೂ ಉಳಿಸಿತಾ? ದಾಖಲೆ ಬೇರೆ, ಫಲ ಬೇರೆ. ನಾನು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ಮೆಚ್ಚುವವನು. ಅವರೂ ಮಂತ್ರಿಯಾಗಲಿಲ್ಲ. ಆದರೆ ಅವರ ಮಾತಿನ ಹಿಂದೆ ಕಾಗೋಡಿನ ಗೇಣಿದಾರರಿದ್ದರು. 1951ರ ಸತ್ಯಾಗ್ರಹ ಇತ್ತು. ಅವರು ತೀರಿಕೊಂಡದ್ದು 1972ರಲ್ಲಿ, ಅದಾಗಿ ಎರಡು ವರ್ಷದೊಳಗೆ ದೇವರಾಜ ಅರಸರ ಭೂಸುಧಾರಣೆ ಬಂತು. ಚಳವಳಿ ಇದ್ದರೆ ಮಾತಿಗೆ ಕೈಕಾಲು ಬರುತ್ತದೆ. ಕಾಮತರಿಗೆ ಆ ಥರದ ಚಳವಳಿ ಎಲ್ಲಿತ್ತು?

ತುಂಗೆಯ ಮೇಷ್ಟ್ರು

ಶರಾವತಿಯವರ ಪ್ರಶ್ನೆ ಭಾರವಾದದ್ದು. ಅದನ್ನು ಹಗುರ ಮಾಡಲು ಹೋಗುವುದಿಲ್ಲ. ಕಾಮತ್ ಯಾರನ್ನೂ ಜೈಲಿನಿಂದ ಉಳಿಸಲಿಲ್ಲ. ಒಬ್ಬ ಸದಸ್ಯನ ಭಾಷಣಕ್ಕೆ ಆ ಶಕ್ತಿ ಇಲ್ಲ.

ಆದರೆ 1949ರ ಆಗಸ್ಟ್ 20ರಂದು ಅವರು ಏನು ಹೇಳಿದರು ಅಂತ ನೋಡಿ. ಈಗಿನ 359ನೇ ವಿಧಿಯ ಚರ್ಚೆ. ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನೇ ಅಮಾನತು ಮಾಡುವ ವಿಧಿ. ಈ ಒಂದೇ ಅಧ್ಯಾಯದಿಂದ ನಾವು ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆ ಅಂದರು. ಅಲ್ಲಿ ಶಾಂತಿ ಇದ್ದರೂ ಅದು ಸ್ಮಶಾನದ ಶಾಂತಿ ಅಂದರು. ಜರ್ಮನಿಯ ವೈಮಾರ್ ಸಂವಿಧಾನದಲ್ಲಿದ್ದ ತುರ್ತು ಅಧಿಕಾರವೇ ಹಿಟ್ಲರನಿಗೆ ದಾರಿಯಾದದ್ದನ್ನು ಅವರು ಸಭೆಗೆ ನೆನಪಿಸಿದ್ದರು. ವಿಧಿ ಪಾಸಾದಾಗ, ಇದು ನಾಚಿಕೆಯ ಮತ್ತು ದುಃಖದ ದಿನ, ದೇವರೇ ಭಾರತದ ಜನರನ್ನು ಕಾಪಾಡಲಿ ಅಂದರು.

ಇದು ಸುಮ್ನೆ ಸಿಟ್ಟಿನ ಮಾತಲ್ಲ. ಯಾವ ವಿಧಿ, ಯಾವ ದಾರಿಯಿಂದ, ಯಾರ ಮೇಲೆ ಬೀಳುತ್ತದೆ ಅಂತ ಗುರುತು ಹಾಕಿ ತೋರಿಸಿದ್ದು. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದು ಮತದಿಂದ ಹೇಳಿದ್ದೂ ಅದೇ: ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕಿಲ್ಲ. ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಪರ ನಿಂತಿದ್ದವು, ಅವೆಲ್ಲ ಬಿದ್ದವು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು.

ಆಮೇಲೆ ಏನಾಯಿತು? 1977ರಲ್ಲಿ ಕಾಮತ್ ಹೊಶಂಗಾಬಾದ್‌ನಿಂದ ಮತ್ತೆ ಗೆದ್ದು ಬಂದರು, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಅವರು ಸದಸ್ಯರಾಗಿದ್ದ ಅದೇ ಲೋಕಸಭೆಯ ಕಾಲದಲ್ಲಿ 1978ರ 44ನೇ ತಿದ್ದುಪಡಿ ಬಂತು. 20 ಮತ್ತು 21ನೇ ವಿಧಿಗಳನ್ನು (ಶಿಕ್ಷೆಯ ವಿಷಯದ ರಕ್ಷಣೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕು) ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಅಂತಾಯಿತು. "ಆಂತರಿಕ ಗೊಂದಲ" ಎಂಬ ಸಡಿಲ ಕಾರಣ ಹೋಗಿ "ಸಶಸ್ತ್ರ ಬಂಡಾಯ" ಅಂತ ಬಂತು. ಸಚಿವ ಸಂಪುಟದ ನಿರ್ಧಾರ ಲಿಖಿತವಾಗಿ ಇರಬೇಕು ಅಂತ ಬಂತು. 1949ರಲ್ಲಿ ಅವರು ಬೆರಳಿಟ್ಟ ಜಾಗವನ್ನೇ ಸಂಸತ್ತು ಸರಿಪಡಿಸಿತು.

ಅದನ್ನು ಮಾಡಿಸಿದ್ದು ಕಾಮತ್ ಒಬ್ಬರೇ ಅಂತ ನಾನು ಹೇಳುತ್ತಿಲ್ಲ. ಮಾಡಿಸಿದ್ದು ಜೈಲಿಗೆ ಹೋದವರು, 1977ರಲ್ಲಿ ಓಟು ಹಾಕಿದವರು. ಆದರೆ ಎಲ್ಲಿ ಕೊಯ್ಯಬೇಕು ಅಂತ ಹುಡುಕಬೇಕಾಗಿ ಬರಲಿಲ್ಲ.

ಶರಾವತಿ ಹಿನ್ನೀರು

ಇದನ್ನು ನಾನು ಒಪ್ಪುತ್ತೇನೆ. ಆದರೆ ನೋಡಿ, ನೀವೇ ಹೇಳಿದಿರಿ, ಮಾಡಿಸಿದ್ದು ಜನ. ನನ್ನ ಮಾತೂ ಅದೇ. ಒಂಟಿ ದನಿಗೆ ಫಲ ಬರೋದು ಹೊರಗೆ ಜನ ಎದ್ದಾಗ.

ನೇತ್ರಾವತಿ ದಡ

ಹೌದು. ಮತ್ತು ಜನ ಎದ್ದಾಗ ಕೈಗೆ ಏನಾದರೂ ಸಿಗಬೇಕು. ಎರಡೂ ಬೇಕು.

ವಿದ್ಯಾರ್ಥಿ ಕುಂದಾಪುರ

ನಾನು ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಒಂದು ಪ್ರಶ್ನೆ. ಇವತ್ತು ಕಾಮತರಂಥವರು ಇದ್ದರೆ ಏನಾಗುತ್ತದೆ? 1985ರ 52ನೇ ತಿದ್ದುಪಡಿ, ಅಂದರೆ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಸೀಟೇ ಹೋಗುತ್ತದೆ. ಸಂವಿಧಾನ ಸಭೆಯಲ್ಲಿ ಕಾಮತ್ ಕಾಂಗ್ರೆಸ್ಸಿನಲ್ಲಿದ್ದೇ ಕಾಂಗ್ರೆಸ್ಸಿನ ವಿರುದ್ಧ ಮತವೆಣಿಕೆ ಕೇಳುತ್ತಿದ್ದರು. ಈಗ ಅದು ಸಾಧ್ಯವೇ ಇಲ್ಲ, ಅಲ್ವಾ?

ಕೋರ್ಟು ಕಚೇರಿ

ಮಾತಾಡಬಹುದು, ಮತ ಹಾಕುವಂತಿಲ್ಲ. ಕಾನೂನಿನಲ್ಲಿ ಅಷ್ಟು ಅಂತರ ಉಳಿದಿದೆ. ಆದರೆ ಮಾತಾಡಿದವನಿಗೆ ಮುಂದಿನ ಟಿಕೆಟ್ ಸಿಗುವುದಿಲ್ಲ, ಚರ್ಚೆಯಲ್ಲಿ ಸಮಯ ಹಂಚುವುದೂ ಪಕ್ಷವೇ. ನನಗೆ ಸಿಟ್ಟು ಬರುವುದು ಇಲ್ಲಿ. ಈ ಕಾನೂನು ತಂದದ್ದು ಶಾಸಕರ ಖರೀದಿ ನಿಲ್ಲಿಸಲು. ನಮ್ಮ ರಾಜ್ಯದಲ್ಲಿ 2019ರಲ್ಲಿ 17 ಶಾಸಕರು ಅನರ್ಹರಾದರು, ಸರ್ಕಾರ ಬಿತ್ತು, ಅವರಲ್ಲಿ ಹೆಚ್ಚಿನವರು ಮತ್ತೆ ಗೆದ್ದು ಮಂತ್ರಿಗಳೂ ಆದರು. ಹೋಗುವವರನ್ನು ಅದು ತಡೆಯಲಿಲ್ಲ. ಪಕ್ಷದೊಳಗೇ ಉಳಿದು ಇಲ್ಲ ಅನ್ನುವವರನ್ನು ಮಾತ್ರ ತಡೆಯಿತು.

ಹಿಂದಿನ ಬೆಂಚಿನವರಿಗೆ ಇದ್ದ ಇನ್ನೊಂದು ದಾರಿ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ. ಶುಕ್ರವಾರ ಮಧ್ಯಾಹ್ನದ ಕೊನೆಯ ಎರಡೂವರೆ ಗಂಟೆ ಅದಕ್ಕೆ ಮೀಸಲು. ಸ್ವಾತಂತ್ರ್ಯ ಬಂದ ಮೇಲೆ ಹಾಗೆ ಕಾನೂನಾದದ್ದು ಬರೀ 14. ಕೊನೆಯದು 1970ರಲ್ಲಿ. ಅದಾದ ಮೇಲೆ ಒಂದೂ ಇಲ್ಲ. ಆದರೂ 2015ರಲ್ಲಿ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಮಸೂದೆ ರಾಜ್ಯಸಭೆಯಲ್ಲಿ ಪಾಸಾಯಿತು. ಕಾನೂನಾಗಲಿಲ್ಲ. ಆದರೆ ಆಮೇಲೆ ಸರ್ಕಾರವೇ ತನ್ನ ಮಸೂದೆ ತರಬೇಕಾಯಿತು. ಇದೂ ಕಾಮತ್ ಕಥೆಯ ಜಾತಿಯದೇ.

ಬಂದರು ರಸ್ತೆ

ಇಷ್ಟೆಲ್ಲ ಓದಿದ ಮೇಲೂ ನನ್ನದೊಂದು ಉಳಿದಿದೆ. ಮತದಾರನ ಕಡೆಯಿಂದ ಯೋಚಿಸಿ. ಹೊಶಂಗಾಬಾದ್‌ನ ರೈತನಿಗೆ ಒಬ್ಬನೇ ಸಂಸದ ಇರೋದು. ಅವನು ದೇಶದ ಆತ್ಮಸಾಕ್ಷಿ ಆಗಿಬಿಟ್ಟರೆ ಊರಿನ ಸೇತುವೆಗೆ ಯಾರು ಓಡಾಡುತ್ತಾರೆ? ಅವರು ಪ್ರತಿ ಸಲ ಗೆದ್ದು ಸೋತು ಗೆದ್ದು ಮಾಡಿದ್ದೂ ಇದಕ್ಕೇ ಇರಬಹುದು. 1955ರಲ್ಲಿ ಗೆಲುವು, 1957ರಲ್ಲಿ ಸೋಲು, 1962ರಲ್ಲಿ ಗೆಲುವು, 1967ರಲ್ಲಿ ಸೋಲು. ಜನ ಅವರನ್ನು ಗೌರವಿಸಿದರು, ಆದರೆ ಉಳಿಸಿಕೊಳ್ಳಲಿಲ್ಲ.

ನೇತ್ರಾವತಿ ದಡ

ಸೇತುವೆಯ ಪ್ರಶ್ನೆ ನ್ಯಾಯವಾದದ್ದು. ಆದರೆ ಸೇತುವೆಗೆ ಶಾಸಕರಿದ್ದಾರೆ, ಜಿಲ್ಲಾಡಳಿತ ಇದೆ, ಈಗಂತೂ ಪಂಚಾಯ್ತಿ ಇದೆ. 359ನೇ ವಿಧಿಗೆ ತಕರಾರು ತೆಗೆಯಲು ಜಿಲ್ಲಾಧಿಕಾರಿ ಬರುವುದಿಲ್ಲ. ಆ ಕೆಲಸ ಸಂಸದನದು ಮಾತ್ರ. ಅವನೂ ಮಾಡದಿದ್ದರೆ ಯಾರೂ ಮಾಡುವುದಿಲ್ಲ. ಸಂಸದರನ್ನು ಗುತ್ತಿಗೆದಾರರ ಮೇಲ್ವಿಚಾರಕರನ್ನಾಗಿ ಮಾಡಿದ್ದು ನಾವೇ, ಮತದಾರರು. ಆಮೇಲೆ ಸಂಸತ್ತಿನಲ್ಲಿ ಚರ್ಚೆಯೇ ಇಲ್ಲ, ಮಸೂದೆಗಳು ನಿಮಿಷಗಳಲ್ಲಿ ಪಾಸಾಗುತ್ತವೆ ಅಂತ ಗೋಳಾಡುತ್ತೇವೆ.

ಇನ್ನೊಂದು, ಅವರು ಬರೀ ಬೇಡ ಅನ್ನುವವರಾಗಿರಲಿಲ್ಲ. 1966ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ಆಯಿತು. ಅದರ ಸದಸ್ಯರಲ್ಲಿ ಇಬ್ಬರು ನಮ್ಮ ನಾಡಿನ ಮೂಲದವರು. ಒಬ್ಬರು ಕೆಂಗಲ್ ಹನುಮಂತಯ್ಯ, ಇನ್ನೊಬ್ಬರು ಕಾಮತ್. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಮಧ್ಯಂತರ ವರದಿಯೇ ಲೋಕಪಾಲ, ಲೋಕಾಯುಕ್ತ ಬೇಕು ಅಂತ ಹೇಳಿದ್ದು. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು. ಅಕ್ರಮ ಗಣಿಗಾರಿಕೆಯ ಬಗ್ಗೆ 2011ರಲ್ಲಿ ಲೋಕಾಯುಕ್ತ ವರದಿ ಬಂದಾಗ ಮುಖ್ಯಮಂತ್ರಿಯೇ ಕೆಳಗಿಳಿದರು. ಇದನ್ನು ಕಾಮತರ ಜಮೆಗೆ ಪೂರ್ತಿ ಹಾಕಲು ಬರುವುದಿಲ್ಲ, ಆಯೋಗದಲ್ಲಿ ಅವರು ಒಬ್ಬರು ಅಷ್ಟೇ. ಆದರೆ ಸದನದಲ್ಲಿ ಕಾಡಿದವರನ್ನು ಸರ್ಕಾರವೇ ಕರೆದು ಆಯೋಗದಲ್ಲಿ ಕೂರಿಸಿತು ಅನ್ನೋದನ್ನು ಗಮನಿಸಿ. ಮಾತಿಗೆ ತೂಕ ಇಲ್ಲದವರನ್ನು ಯಾರೂ ಹಾಗೆ ಕರೆಯುವುದಿಲ್ಲ.

ಹಂಪನಕಟ್ಟೆ

ಆಯೋಗದ ವಿಷಯ ನನಗೆ ಗೊತ್ತಿರಲಿಲ್ಲ. ತೂಕದ ಬಗ್ಗೆ ನಾನು ಎತ್ತಿದ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೂ ಪೀಠಿಕೆಯ ದಿನ ಅವರು ಕುಂಜ್ರು ಮಾತು ಕೇಳಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಬಂದರು ರಸ್ತೆ

ನನ್ನ ಓಟು ಇನ್ನೂ ಮಲ್ಯರಂಥವರಿಗೇ. ಆದರೆ ಸಂಸತ್ತಿನಲ್ಲಿ ಎಲ್ಲರೂ ಮಲ್ಯರೇ ಆಗಿಬಿಟ್ಟರೆ ನನಗೂ ಭಯವಾಗುತ್ತದೆ. ಅಷ್ಟು ಹೇಳಬಲ್ಲೆ. ಮಂಗಳೂರಿನಲ್ಲಿ ಇಬ್ಬರ ಹೆಸರನ್ನೂ ಒಟ್ಟಿಗೆ ಶಾಲೆಗಳಲ್ಲಿ ಹೇಳಿಕೊಡಬೇಕು.

ವಿದ್ಯಾರ್ಥಿ ಕುಂದಾಪುರ

ಮೂಲ ಚರ್ಚೆ ಎಲ್ಲಿ ಓದಬಹುದು? ಮತ್ತೆ ಒಂದು ಕೊನೆಯ ಪ್ರಶ್ನೆ, ವಕೀಲರಿಗೆ. ಕಾಮತರ ಭಯ ಈಗ ಪೂರ್ತಿ ಮುಗಿಯಿತಾ?

ಕೋರ್ಟು ಕಚೇರಿ

ಸಂವಿಧಾನ ಸಭೆಯ ಚರ್ಚೆ ಹನ್ನೆರಡು ಸಂಪುಟ, ಇಂಗ್ಲಿಷಿನಲ್ಲಿ ಪೂರ್ತಿ ಆನ್‌ಲೈನಿನಲ್ಲಿದೆ, ದುಡ್ಡು ಕೊಡಬೇಕಿಲ್ಲ. ಒಂಬತ್ತನೇ ಸಂಪುಟ ತೆಗೆಯಿರಿ, ಆಗಸ್ಟ್ 2ರಿಂದ 4 ಮತ್ತು 20ನೇ ತಾರೀಖು ನೋಡಿ.

ಎರಡನೆಯದಕ್ಕೆ ಉತ್ತರ: ಇಲ್ಲ. ಜಬಲ್ಪುರ ತೀರ್ಪನ್ನು 2017ರಲ್ಲಿ ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 20 ಮತ್ತು 21ನೇ ವಿಧಿ ಈಗ ಗಟ್ಟಿಯಾಗಿವೆ. ಆದರೆ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೆ 22ನೇ ವಿಧಿಯಲ್ಲಿ ಈಗಲೂ ಜಾಗ ಇದೆ. ಅದಕ್ಕೆ ತುರ್ತು ಪರಿಸ್ಥಿತಿಯೂ ಬೇಕಿಲ್ಲ. 44ನೇ ತಿದ್ದುಪಡಿಯಲ್ಲಿ ಆ ವಿಧಿಯನ್ನು ಸ್ವಲ್ಪ ಬಿಗಿ ಮಾಡುವ ಒಂದು ಕಲಂ ಇತ್ತು. ಬಂಧನ ಸರಿಯೇ ಅಂತ ನೋಡುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಎರಡು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ ಅಂತ. ಸಂಸತ್ತು ಪಾಸು ಮಾಡಿತು, ಆದರೆ ಆ ಕಲಂ ಜಾರಿಗೆ ಬರುವ ದಿನವನ್ನು ಇವತ್ತಿನವರೆಗೂ ಯಾವ ಸರ್ಕಾರವೂ ಗೆಜೆಟ್ಟಿನಲ್ಲಿ ಪ್ರಕಟಿಸಿಲ್ಲ. ಹಳೆಯ ಮೂರು ತಿಂಗಳೇ ನಡೆಯುತ್ತಿದೆ. ನಿಮ್ಮ ಸಂಸದರಿಗೆ ಪತ್ರ ಬರೆಯುವುದಿದ್ದರೆ ಈ ಒಂದು ಪ್ರಶ್ನೆ ಕೇಳಿ: ಆ ಅಧಿಸೂಚನೆ ಯಾವಾಗ ಹೊರಡುತ್ತದೆ ಅಂತ ಅವರು ಸದನದಲ್ಲಿ ಎದ್ದು ನಿಂತು ಕೇಳುತ್ತಾರಾ?